ಸೀಟು ಕೊಟ್ಟಾಯ್ತಲ್ಲ, ಇನ್ನೇನ್ ಬೇಕು?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಕ್ಯಾಂಪಸ್ ಬಗ್ಗೆನೇ. ಡೈವರ್ಸಿಟಿ, ಈಕ್ವಿಟಿ, ಇನ್‌ಕ್ಲೂಷನ್ (ಎಲ್ಲಾ ಥರದ ಜನ ಇರ್ಬೇಕು, ಎಲ್ರಿಗೂ ನ್ಯಾಯ ಸಿಗ್ಬೇಕು, ಯಾರೂ ಹೊರಗುಳೀಬಾರ್ದು) ಅಂತ ಯೂನಿವರ್ಸಿಟಿಗಳು ದೊಡ್ಡದಾಗಿ ಹೇಳ್ಕೊಳ್ತಾವಲ್ಲ, ಅದ್ರೊಳಗೆ ನಿಜವಾಗ್ಲೂ ಏನಿದೆ, ಏನು ಮಾಡ್ಬಹುದು ಅಂತ ಕೇಳಿದೀರಿ. ಕೆಲವರು ಬೈದೂ ಬರ್ದಿದ್ದಾರೆ, ಅದನ್ನೂ ಹಾಕಿದೀನಿ. ಹೆಸರು ಬೇಡ ಅಂತ ಎಲ್ರೂ ಕೇಳ್ಕೊಂಡಿರೋದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಯೂನಿವರ್ಸಿಟಿಲಿ ಈ ವಿಷಯಕ್ಕೇ ಅಂತ ಒಂದು ಕಮಿಟಿ ಮಾಡಿ ನನ್ನನ್ನೂ ಅದ್ರೊಳಗೆ ಹಾಕಿದಾರೆ. ಒಂದು ದಿನದ ಕಾರ್ಯಕ್ರಮ, ಭಾಷಣ, ಪೋಸ್ಟರ್ ಕಾಂಪಿಟಿಷನ್, ಆಮೇಲೆ ಎಲ್ಲಾ ಸ್ಟಾಫ್‌ಗೂ ಕಡ್ಡಾಯ ಟ್ರೈನಿಂಗ್ ಅಂತ ಪ್ಲಾನ್ ಆಗಿದೆ. ಇದ್ರಿಂದ ಏನಾದ್ರೂ ಬದಲಾಗತ್ತಾ?

ಉತ್ತರ: ಪೋಸ್ಟರ್ ಇದ್ರೆ ಗೋಡೆ ಚೆನ್ನಾಗಿ ಕಾಣತ್ತೆ, ಅಷ್ಟೇ. ಕಾರ್ಯಕ್ರಮ ಮಾಡ್ಬೇಡಿ ಅಂತಲ್ಲ, ಮಾಡಿ, ಆದ್ರೆ ಫೋಟೋ ತೆಗ್ದು ವಾರ್ಷಿಕ ವರದಿಗೆ ಅಂಟಿಸಿ ಕೈ ತೊಳ್ಕೊಳ್ಳೋದಿದ್ಯಲ್ಲ ಅದು ಬೇಡ. ಕಡ್ಡಾಯ ಟ್ರೈನಿಂಗ್ ಮೇಲಂತೂ ನಂಗೆ ನಂಬಿಕೆ ಕಮ್ಮಿ. ಅಮೆರಿಕದ ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಲೆವ್ ಅನ್ನೋ ಇಬ್ರು ಸಮಾಜಶಾಸ್ತ್ರಜ್ಞರು 800ಕ್ಕೂ ಹೆಚ್ಚು ಕಂಪನಿಗಳ ಮೂವತ್ತು ವರ್ಷದ ಲೆಕ್ಕ ತೆಗೆದು ನೋಡಿದ್ರು. ಟ್ರೈನಿಂಗ್ ಕಡ್ಡಾಯ ಮಾಡಿದ ಕಡೆ ಐದು ವರ್ಷ ಆದ್ಮೇಲೂ ಮ್ಯಾನೇಜರ್ ಹುದ್ದೆಗಳಲ್ಲಿ ಬಿಳಿ ಹೆಂಗಸರ, ಕಪ್ಪು ಗಂಡಸರ ಪಾಲು ಏರಿರ್ಲಿಲ್ಲ, ಕಪ್ಪು ಹೆಂಗಸರ ಪಾಲಂತೂ ಇನ್ನೂ ಇಳಿದಿತ್ತು. ಹೊಸಬರ ಜೊತೆ ಒಬ್ಬ ಹಿರಿಯರನ್ನ ಬಿಡೋದು, ಇದಕ್ಕೆ ಇಂಥವ್ರೇ ಉತ್ತರ ಕೊಡ್ಬೇಕು ಅಂತ ಒಬ್ರ ಹೆಗಲಿಗೆ ಹಾಕೋದು, ಇಂಥವು ಕೆಲಸ ಮಾಡಿದ್ವು. ಅದು ಕಂಪನಿಗಳ ಕಥೆ, ಕ್ಯಾಂಪಸ್‌ದಲ್ಲ ಅಂತೀರೇನೋ. ಸರಿ, ಆದ್ರೆ ಎಳ್ಕೊಂಡು ಬಂದು ಕೂರ್ಸಿದ್ರೆ ಪ್ರೊಫೆಸರ್‌ಗಳು ಏನ್ ಮಾಡ್ತಾರೆ ಅಂತ ನಿಮಗೇ ಗೊತ್ತಲ್ಲ, ಹಿಂದಿನ ಬೆಂಚಲ್ಲಿ ಕೂತು ಇಂಟರ್ನಲ್ಸ್ ಪೇಪರ್ ತಿದ್ದುತ್ತಾರೆ.

ಅದ್ರ ಬದ್ಲು ಮೊದಲ ಮೀಟಿಂಗಲ್ಲೇ ಲೆಕ್ಕ ಕೇಳಿ. ಅಡ್ಮಿಷನ್ ಆದೋರು ಯಾರ್ಯಾರು, ಮೊದಲ ವರ್ಷದಲ್ಲೇ ಬಿಟ್ಟು ಹೋದೋರು ಯಾರು, ಯಾವ ಪೇಪರಲ್ಲಿ ಯಾವ ಗುಂಪಿನ ಮಕ್ಕಳು ಪದೇಪದೇ ಫೇಲ್ ಆಗ್ತಿದಾರೆ, ಸ್ಕಾಲರ್‌ಶಿಪ್ ದುಡ್ಡು ಫೀಸ್ ಕಟ್ಟೋ ಕೊನೇ ದಿನಕ್ಕೆ ಮುಂಚೆ ಬರತ್ತೋ ಆಮೇಲೆ ಬರತ್ತೋ. ಈ ಕಡೇ ಪ್ರಶ್ನೆನ ಯಾರೂ ಕೇಳಲ್ಲ ನೋಡಿ, ಕೇಳ್ಬೇಕು. ಅಮೆರಿಕದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಲಿ 2003ರ ಹೊತ್ತಿಗೆ ಸೇರಿದ ಮಕ್ಕಳಲ್ಲಿ ಆರು ವರ್ಷದೊಳಗೆ ಡಿಗ್ರಿ ಮುಗಿಸ್ತಿದ್ದೋರು ನೂರಕ್ಕೆ 32 ಜನ ಮಾತ್ರ. ಅವ್ರು ತಮ್ಮದೇ ಹಳೇ ದಾಖಲೆ ಕೆದಕಿ ನೋಡಿದಾಗ ಸುಮಾರು ಮಕ್ಕಳು ಹೋಗ್ತಿದ್ದಿದ್ದು ಓದೋಕಾಗ್ದೇ ಅಲ್ಲ, ಫೀಸಲ್ಲಿ ಸಣ್ಣ ಬಾಕಿ ಉಳಿದು ಹೆಸರು ಹೊಡೆದು ಹಾಕಿದ್ದಕ್ಕೆ ಅಂತ ಗೊತ್ತಾಯ್ತು. ಆ ಬಾಕಿನ ಯೂನಿವರ್ಸಿಟಿನೇ ತುಂಬೋಕೆ ಶುರು ಮಾಡ್ತು, ಕೇಳಿ ಅರ್ಜಿ ಹಾಕ್ಬೇಕು ಅಂತಾನೂ ಇರ್ಲಿಲ್ಲ. 2012ರಿಂದ ಯಾರ ಮಾರ್ಕ್ಸ್ ಎಲ್ಲಿ ಜಾರ್ತಿದೆ ಅಂತ ದಿನಾ ನೋಡಿ ಸಲಹೆಗಾರರೇ ಫೋನ್ ಮಾಡೋ ವ್ಯವಸ್ಥೆ ಬಂತು. ಮುಗಿಸೋರ ಪ್ರಮಾಣ ಐವತ್ತು ದಾಟ್ತು, ಬಿಳಿಯರು, ಕರಿಯರು, ಬಡವರು ಅಂತ ಇದ್ದ ಅಂತರ ಮುಚ್ಚಿಹೋಯ್ತು. ಇದ್ರಲ್ಲಿ ಭಾಷಣ ಎಲ್ಲಿದೆ ಹೇಳಿ.

ಪ್ರಶ್ನೆ: ನಮ್ಮನೇಲಿ ಕಾಲೇಜ್ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ಇಲ್ಲಿ ಎಲ್ರಿಗೂ ಎಲ್ಲಾ ಗೊತ್ತಿರತ್ತೆ, ಇಂಟರ್ನ್‌ಶಿಪ್‌ಗೆ ಯಾವಾಗ ಹಾಕ್ಬೇಕು, ಯಾವ ಸರ್ ಹತ್ರ ಹೋಗಿ ಮಾತಾಡ್ಬೇಕು, ಹೇಗೆ ಮೇಲ್ ಬರೀಬೇಕು. ನನಗೆ ಮಾತ್ರ ಕಡೇಗೆ ಗೊತ್ತಾಗತ್ತೆ. ನಾನೇ ದಡ್ಡನಾ?

ಉತ್ತರ: ದಡ್ಡ ಅಲ್ಲ ಮರಿ. ಉಳಿದೋರಿಗೆ ಅಕ್ಕನೋ ಮಾವನೋ ಹೇಳ್ಕೊಟ್ಟಿರ್ತಾರೆ, ನಿನಗೆ ಹೇಳೋರಿಲ್ಲ, ಇಷ್ಟೇ ವ್ಯತ್ಯಾಸ. ಆದ್ರೆ ಇದನ್ನ ಹುಡುಗರ ಕೊರತೆ ಅಂತಾನೇ ಎಲ್ಲಾ ಕಡೆ ನೋಡೋದು. ಒಂದು ಹಳೇ ಕಥೆ ಹೇಳ್ತೀನಿ, ನಿನ್ನ ಮೇಷ್ಟ್ರುಗಳೂ ಓದ್ಲಿ.

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಲಿ ಯೂರಿ ಟ್ರೈಸ್‌ಮನ್ ಅನ್ನೋ ಗಣಿತದವರು ಒಂದು ವಿಷಯ ಗಮನಿಸಿದ್ರು, ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ತುಂಬಾ ಜನ ಫೇಲ್, ಅಲ್ಲೇ ಚೀನಾ ಮೂಲದ ವಿದ್ಯಾರ್ಥಿಗಳು ಚೆನ್ನಾಗಿ ಪಾಸ್. ಯಾಕೆ ಅಂತ ಅಧ್ಯಾಪಕರನ್ನ ಕೇಳಿದ್ರು. ಆಸಕ್ತಿ ಇಲ್ಲ, ಸ್ಕೂಲಲ್ಲಿ ಸರಿ ಕಲ್ತಿಲ್ಲ, ಮನೇಲಿ ಓದೋ ವಾತಾವರಣ ಇಲ್ಲ, ಬಡತನ, ಇದೇ ಉತ್ತರಗಳು (ಇವತ್ತು ಯಾವ ಸ್ಟಾಫ್ ರೂಮಿಗೆ ಹೋದ್ರೂ ಇದೇ ಸಿಗತ್ತೆ). ಟ್ರೈಸ್‌ಮನ್ ಅದನ್ನ ನಂಬ್ಕೊಂಡು ಸುಮ್ಮನೆ ಕೂರ್ಲಿಲ್ಲ, ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ಜನರ ಹಿಂದೆ ತಿಂಗಳುಗಟ್ಟಲೆ ಓಡಾಡಿ, ಅವ್ರು ರೂಮಲ್ಲಿ ಲೈಬ್ರರಿಲಿ ಹೇಗೆ ಓದ್ತಾರೆ ಅಂತ ನೋಡಿದ್ರು. ಮೇಷ್ಟ್ರುಗಳು ಹೇಳಿದ್ದ ಕಾರಣ ಒಂದೂ ನಿಲ್ಲಲಿಲ್ಲ. ಕಪ್ಪು ಹುಡುಗರೂ ಗಂಟೆಗಟ್ಟಲೆ ಓದ್ತಿದ್ರು, ಮನೆಯೋರೂ ಬೆನ್ನಿಗಿದ್ರು, ಆದ್ರೆ ಓದ್ತಿದ್ದಿದ್ದು ಒಬ್ಬೊಬ್ರೇ. ಇನ್ನೊಂದು ಗುಂಪಿನೋರು ಒಬ್ಬೊಬ್ರೇ ಲೆಕ್ಕ ಮಾಡ್ಕೊಂಡು ಆಮೇಲೆ ಒಟ್ಟಿಗೆ ಕೂತು ಉತ್ತರ ಹೋಲಿಸ್ತಿದ್ರು, ಜಗಳ ಆಡ್ತಿದ್ರು, ಹಳೇ ಪರೀಕ್ಷೆ ಪೇಪರ್ ಹಂಚ್ಕೊಳ್ತಿದ್ರು, ಯಾವ ಲೆಕ್ಕ ಎಲ್ರಿಗೂ ಕಷ್ಟ ಯಾವುದು ನಂಗೊಬ್ಬನಿಗೇ ಕಷ್ಟ ಅಂತ ಅವ್ರಿಗೆ ಗೊತ್ತಾಗ್ತಿತ್ತು. ಒಬ್ನೇ ಕೂತಿರೋನಿಗೆ ಅದು ಗೊತ್ತಾಗಲ್ಲ, ಎಲ್ಲಾನೂ ನನ್ನ ತಪ್ಪೇ ಅನ್ಸತ್ತೆ.

ಟ್ರೈಸ್‌ಮನ್ ಆಮೇಲೆ ಮಾಡಿದ್ದೇ ನಂಗೆ ತುಂಬಾ ಇಷ್ಟ. 'ವೀಕ್ ಸ್ಟೂಡೆಂಟ್ಸ್‌ಗೆ ಎಕ್ಸ್‌ಟ್ರಾ ಕ್ಲಾಸ್' ಅಂತ ಬೋರ್ಡ್ ಹಾಕ್ಲಿಲ್ಲ. ಮಾಮೂಲಿ ಕ್ಲಾಸಿಗಿಂತ ಕಷ್ಟದ ಲೆಕ್ಕ ಕೊಟ್ಟು ಗುಂಪಲ್ಲಿ ಬಿಡ್ಸೋ ವರ್ಕ್‌ಶಾಪ್ ಮಾಡಿದ್ರು, ಬನ್ನಿ ನಿಮ್ಮಲ್ಲಿ ಶಕ್ತಿ ಇದೆ ಅಂತ ಕರೆದ್ರು. ಅದ್ರಲ್ಲಿದ್ದ ಕಪ್ಪು ವಿದ್ಯಾರ್ಥಿಗಳು ಎಷ್ಟು ಮೇಲೆ ಬಂದ್ರು ಅಂದ್ರೆ ಬೇರೆ ಕಾಲೇಜುಗಳೂ ಅದನ್ನ ಎತ್ಕೊಂಡ್ವು.

ನೀನು ಮಾಡ್ಬೇಕಾಗಿದ್ದು: ನಿನ್ನ ಥರದವ್ರು ಇನ್ನೂ ಇಬ್ರು ಮೂವರನ್ನ ಹುಡುಕು, ಇದ್ದೇ ಇರ್ತಾರೆ, ವಾರಕ್ಕೊಂದ್ಸಲ ಒಟ್ಟಿಗೆ ಕೂತ್ಕೊಳ್ಳಿ. ಒಬ್ಬ ಸೀನಿಯರ್‌ನ ಹಿಡಿ. ಮೇಲ್ ಬರಿಯೋಕೆ ಬರಲ್ಲ ಅಂದ್ರೆ ಅವ್ರು ಬರೆದಿದ್ದನ್ನ ನೋಡಿ ಕಲಿ, ಅದ್ರಲ್ಲಿ ನಾಚ್ಕೋಬೇಕಾದ್ದು ಏನೂ ಇಲ್ಲ. ಮೇಷ್ಟ್ರು ಮಾಡ್ಬೇಕಾಗಿದ್ದು ಇನ್ನೂ ಸುಲಭ, ತನ್ನ ಹತ್ರ ಬರೋ ನಾಲ್ಕು ಚುರುಕು ಹುಡುಗರಿಗೆ ಹೇಳೋ ವಿಷಯನ ಕ್ಲಾಸಲ್ಲಿ ಎಲ್ರಿಗೂ ಕೇಳೋ ಹಾಗೆ ಹೇಳೋದು.

ಪ್ರಶ್ನೆ: ಇದೆಲ್ಲಾ ಮೆರಿಟ್‌ನ ಕೊಲ್ಲೋ ಕೆಲಸ. ಮಾರ್ಕ್ಸ್ ಇದ್ದೋನಿಗೆ ಸೀಟು, ಮುಗೀತು. ಯೂನಿವರ್ಸಿಟಿ ಓದೋಕಿರೋದಾ ಸಮಾಜಸೇವೆ ಮಾಡೋಕಾ? ಧೈರ್ಯ ಇದ್ರೆ ಇದನ್ನ ಹಾಕಿ.

ಉತ್ತರ: ಹಾಕಿದೀನಿ ಸಾರ್. ಮೆರಿಟ್ ನಂಗೂ ಬೇಕು, ನನ್ನ ಆಪರೇಷನ್ ಮಾಡೋ ಡಾಕ್ಟ್ರು ಪಾಸಾಗಿರ್ಬೇಕು ಅಂತಾನೇ ನಂಗೂ ಆಸೆ. ಆದ್ರೆ ಮೆರಿಟ್ ಇದ್ದೋರಿಗೆಲ್ಲಾ ಯೂನಿವರ್ಸಿಟಿಗಳು ತಾವಾಗೇ ಬಾಗಿಲು ತೆಗೆದ್ವು ಅಂತ ನೀವು ನಂಬಿದ್ರೆ ಫಿಲಿಪ್ಪಾ ಫಾಸೆಟ್ ಅನ್ನೋ ಹುಡುಗಿ ಬಗ್ಗೆ ಕೇಳಿ. 1890ರಲ್ಲಿ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಲಿ ಎಲ್ರಿಗಿಂತ ಹೆಚ್ಚು ಮಾರ್ಕ್ಸ್ ತೆಗೆದಿದ್ದು ಆಕೆ, ಮೊದಲ ಸ್ಥಾನ ಬಂದ ಗಂಡಸಿಗಿಂತ ಮೇಲೆ ಅಂತ ಸಭೇಲಿ ಓದಿ ಹೇಳಿದ್ರು. ಆ ಮೊದಲ ಸ್ಥಾನದ ಬಿರುದು ಮಾತ್ರ ಅವಳ ಕೆಳಗಿದ್ದ ಹುಡುಗನಿಗೆ. ಡಿಗ್ರಿನೂ ಕೊಡ್ಲಿಲ್ಲ, ಯಾಕಂದ್ರೆ ಹೆಂಗಸರಿಗೆ ಕೊಡೋ ಪದ್ಧತಿನೇ ಇರ್ಲಿಲ್ಲ. ಆಕ್ಸ್‌ಫರ್ಡ್ 1920ರಲ್ಲಿ ಹೆಂಗಸರಿಗೆ ಡಿಗ್ರಿ ಕೊಡೋಕೆ ಒಪ್ತು, ಕೇಂಬ್ರಿಡ್ಜ್ ಪೂರ್ತಿಯಾಗಿ ಒಪ್ಪಿದ್ದು 1948ರಲ್ಲಿ. ಫಾಸೆಟ್ ತೀರ್ಕೊಂಡಿದ್ದೂ ಅದೇ ವರ್ಷ. ಮಾರ್ಕ್ಸ್ ಇದ್ದಿದ್ದಕ್ಕೆ ಏನು ಸಿಕ್ತು ಸಾರ್ ಆಕೆಗೆ?

ಇನ್ನು ಅಡ್ಮಿಷನ್ ವಿಷಯ. ಒಬ್ಬ ಹುಡುಗ ಒಳ್ಳೇ ಸ್ಕೂಲು, ಕೋಚಿಂಗು, ಓದೋಕೆ ಬೇರೆ ರೂಮು ಎಲ್ಲಾ ಇದ್ದು 92 ತೆಗೀತಾನೆ, ಇನ್ನೊಬ್ಳು ಕೆಲಸ ಮಾಡ್ಕೊಂಡು ಮೇಷ್ಟ್ರೇ ಇಲ್ಲದ ಸ್ಕೂಲಲ್ಲಿ ಓದಿ 84 ತೆಗೀತಾಳೆ. ಇಬ್ರಲ್ಲಿ ಯಾರಲ್ಲಿ ಹೆಚ್ಚು ಶಕ್ತಿ ಇದೆ ಅಂತ ಆ ಎಂಟು ಮಾರ್ಕ್ಸ್ ಹೇಳಲ್ಲ. ಇದನ್ನ ಒಪ್ಪಿದ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಬ್ರೆಜಿಲ್ 2012ರಲ್ಲಿ ಕಾನೂನು ಮಾಡಿ ಕೇಂದ್ರದ ಯೂನಿವರ್ಸಿಟಿಗಳ ಅರ್ಧ ಸೀಟು ಸರ್ಕಾರಿ ಸ್ಕೂಲಲ್ಲಿ ಓದಿದೋರಿಗೆ ಅಂತ ಇಟ್ಟು, ಅದ್ರೊಳಗೆ ಆದಾಯ ಮತ್ತೆ ಜನಾಂಗದ ಪಾಲು ಹಂಚ್ತು. ಟೆಕ್ಸಾಸ್ 1997ರಲ್ಲಿ ಬೇರೆ ಉಪಾಯ ಮಾಡ್ತು, ರಾಜ್ಯದ ಯಾವುದೇ ಹೈಸ್ಕೂಲಾಗ್ಲಿ ಅಲ್ಲಿ ಮೇಲಿನ ನೂರಕ್ಕೆ ಹತ್ತು ಜನರಲ್ಲಿದ್ರೆ ಸರ್ಕಾರಿ ಯೂನಿವರ್ಸಿಟಿಲಿ ಸೀಟು, ಅಂದ್ರೆ ನಿನ್ನ ಪೈಪೋಟಿ ನಿನ್ನ ಥರದ ಅನುಕೂಲ ಇರೋರ ಜೊತೆ. ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಹಾರ್ವರ್ಡ್ ಕೇಸಲ್ಲಿ ಅಡ್ಮಿಷನ್‌ಗೆ ಜನಾಂಗ ನೋಡೋ ಹಾಗಿಲ್ಲ ಅಂದುಬಿಡ್ತು. ಕ್ಯಾಲಿಫೋರ್ನಿಯಾ ಅದಕ್ಕೂ ಮುಂಚೆ 1996ರಲ್ಲೇ ಜನರ ಮತದಿಂದ ಅದನ್ನ ನಿಲ್ಲಿಸಿತ್ತು, ನಿಲ್ಲಿಸಿದ್ಮೇಲೆ ಬರ್ಕ್ಲಿ, ಲಾಸ್ ಏಂಜಲಿಸ್ ಕ್ಯಾಂಪಸ್‌ಗಳಲ್ಲಿ ಕಪ್ಪು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳ ಸಂಖ್ಯೆ ದಢಾರ್ ಅಂತ ಬಿತ್ತು. ಯಾವ ದಾರಿ ಸರಿ ಅಂತ ವಾದ ಮಾಡೋಣ, ನಾನು ರೆಡಿ. ಏನೂ ಮಾಡ್ದೇ ಇದ್ರೂ ತಾನಾಗೇ ಸರಿಹೋಗತ್ತೆ ಅನ್ನೋದನ್ನ ಮಾತ್ರ ಕೇಳ್ಬೇಡಿ.

ಪ್ರಶ್ನೆ: ನಾನು ವ್ಹೀಲ್‌ಚೇರಲ್ಲಿ ಓಡಾಡೋ ವಿದ್ಯಾರ್ಥಿನಿ. ಎಲ್ರೂ ಹೆಲ್ಪ್ ಮಾಡ್ತಾರೆ ನಿಜ, ಆದ್ರೆ ಪ್ರತಿ ಸೆಮಿಸ್ಟರ್ ಕ್ಲಾಸ್ ರೂಮ್ ಕೆಳಗಡೆ ಹಾಕಿ ಅಂತ, ಪರೀಕ್ಷೆಲಿ ಎಕ್ಸ್‌ಟ್ರಾ ಟೈಮ್ ಕೊಡಿ ಅಂತ ಅದೇ ಸರ್ಟಿಫಿಕೇಟ್ ಹಿಡ್ಕೊಂಡು ಆಫೀಸ್ ಆಫೀಸ್ ಸುತ್ತಿ ಸಾಕಾಗಿದೆ. ಹೀಗೆ ಹೇಳಿದ್ರೆ ಕೃತಜ್ಞತೆ ಇಲ್ಲ ಅಂತಾರಾ?

ಉತ್ತರ: ಅನ್ಲಿ ಬಿಡಿ. ನಾಲ್ಕು ಜನ ಸೇರಿ ಕುರ್ಚಿ ಎತ್ಕೊಂಡು ಮೆಟ್ಟಿಲು ಹತ್ತಿಸೋದು ಒಳ್ಳೇತನ, ಸರಿ, ಆದ್ರೆ ಅದೇ ದಿನಾ ನಡೀತಿದೆ ಅಂದ್ರೆ ಆಡಳಿತ ಮಾಡೋರು ತಮ್ಮ ಕೆಲಸ ಮಾಡಿಲ್ಲ ಅಂತ. ಸರ್ಟಿಫಿಕೇಟ್ ಒಂದ್ಸಲ ಕೊಟ್ರೆ ಕೋರ್ಸ್ ಮುಗಿಯೋವರೆಗೂ ನಡೀಬೇಕು. ಟೈಮ್‌ಟೇಬಲ್ ಹಾಕೋ ಕಂಪ್ಯೂಟರಲ್ಲೇ ನಿಮ್ಮ ಹೆಸರ ಮುಂದೆ 'ಕೆಳ ಮಹಡಿ' ಅಂತ ಒಂದು ಗುರುತು ಇದ್ರೆ ಮುಗೀತು, ಅದಕ್ಕೇನು ರಾಕೆಟ್ ಹಾರಿಸ್ಬೇಕಾ?

ಎಡ್ ರಾಬರ್ಟ್ಸ್ ಅಂತ ಒಬ್ರಿದ್ರು. ಪೋಲಿಯೋ ಆಗಿ ಕತ್ತಿಂದ ಕೆಳಗೆ ಸ್ವಾಧೀನ ಇರ್ಲಿಲ್ಲ, ಉಸಿರಾಟಕ್ಕೆ ದೊಡ್ಡ ಕಬ್ಬಿಣದ ಯಂತ್ರದೊಳಗೆ ಮಲಗ್ಬೇಕಿತ್ತು. 1962ರಲ್ಲಿ ಅವ್ರು ಬರ್ಕ್ಲಿಗೆ ಸೇರಿದಾಗ ಆ ಯಂತ್ರದ ಭಾರ ಹೊರೋ ಹಾಸ್ಟೆಲ್ ರೂಮಿಲ್ಲ ಅಂತ ಕ್ಯಾಂಪಸ್ ಆಸ್ಪತ್ರೆಲೇ ಇಟ್ರು. ಅವ್ರನ್ನ ನೋಡಿ ಇನ್ನೂ ಕೆಲವರು ಬಂದ್ರು, ಆಸ್ಪತ್ರೆಯ ಆ ಮಹಡಿನೇ ಒಂದು ಹಾಸ್ಟೆಲ್ ಆಯ್ತು, ಎಲ್ಲಾ ಸೇರಿ ಗುಂಪು ಕಟ್ಕೊಂಡ್ರು. ದಯೆ ಬೇಡ, ವ್ಯವಸ್ಥೆ ಮಾಡಿ, ಅದನ್ನ ನಡೆಸೋದೂ ನಾವೇ ಅಂತ ಹಟ ಹಿಡಿದ್ರು. ಹಾಗೆ ವಿದ್ಯಾರ್ಥಿಗಳೇ ನಡೆಸೋ ಒಂದು ವಿಭಾಗ ಅಲ್ಲಿ ಹುಟ್ತು, ಕುರ್ಚಿ ರಿಪೇರಿ, ಸಹಾಯಕರನ್ನ ಹುಡುಕಿಕೊಡೋದು, ಮನೆ ಹುಡುಕೋದು ಎಲ್ಲಾ ಅಲ್ಲೇ. ಈ ಮನುಷ್ಯ ಕೆಲಸಕ್ಕೇ ಬರಲ್ಲ, ಓದೋಕೆ ದುಡ್ಡು ಕೊಟ್ರೆ ದಂಡ ಅಂದಿದ್ದ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೆ 1975ರಲ್ಲಿ ಮುಖ್ಯಸ್ಥರಾಗಿ ಬಂದಿದ್ದು ಇದೇ ರಾಬರ್ಟ್ಸ್. ಅಂಗವಿಕಲರನ್ನ ಹೊರಗಿಡಬಾರ್ದು ಅಂತ ಅಮೆರಿಕದಲ್ಲಿ ಕಾನೂನು ಆಗಿದ್ದು 1973ರಲ್ಲಿ, ಅದಕ್ಕೆ ನಿಯಮ ಮಾಡ್ದೇ ಸರ್ಕಾರ ನಾಲ್ಕು ವರ್ಷ ಎಳೀತು, ಕಡೇಗೆ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದಲ್ಲಿ ಅಂಗವಿಕಲರು ಮೂರು ವಾರಕ್ಕೂ ಹೆಚ್ಚು ಬಿಡಾರ ಹೂಡಿ ಕೂತ್ಮೇಲೆ ಸಹಿ ಬಿತ್ತು. ಅವ್ರನ್ನೂ ಜನ ಕೃತಜ್ಞತೆ ಇಲ್ಲ ಅಂದಿರ್ಬಹುದು.

ಇದೇ ಸಂದರ್ಭದಲ್ಲಿ ಮೇಷ್ಟ್ರುಗಳಿಗೆ ಎರಡು ಮಾತು. 'ನನ್ನ ವಾಯ್ಸ್ ಜೋರಾಗಿದೆ, ಮೈಕ್ ಬೇಡ' ಅನ್ಬೇಡಿ, ಕಿವಿ ಕೇಳಿಸ್ದೇ ಇರೋ ಹುಡುಗ ಅಷ್ಟು ಜನರ ಮುಂದೆ ಎದ್ದು ನಿಂತು ನಂಗೆ ಕೇಳಿಸ್ತಿಲ್ಲ ಅನ್ನಲ್ಲ. ನೋಟ್ಸ್‌ನ ಓರೆಯಾಗಿ ಫೋಟೋ ಹೊಡೆದು ಪಿಡಿಎಫ್ ಅಂತ ಗ್ರೂಪಿಗೆ ಹಾಕ್ಬೇಡಿ, ಕಣ್ಣು ಕಾಣಿಸದೇ ಇರೋರು ಬಳಸೋ ಓದೋ ಸಾಫ್ಟ್‌ವೇರ್‌ಗೆ ಅದು ಬರೀ ಚಿತ್ರ, ಅದ್ರಲ್ಲಿರೋ ಅಕ್ಷರನ ಅದು ಸರಿಯಾಗಿ ಓದಲ್ಲ.

ಪ್ರಶ್ನೆ: ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಹುಡುಗೀರೇ ಬರಲ್ಲ, ಬಂದೋರೂ ಬಿಡ್ತಾರೆ. ಇಂಟರೆಸ್ಟ್ ಇಲ್ದೇ ಇದ್ರೆ ನಾವೇನ್ ಮಾಡೋಕಾಗತ್ತೆ?

ಉತ್ತರ: ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್ ಸೇರ್ತಿದ್ದ ಹುಡುಗೀರು ನೂರಕ್ಕೆ 7. 2000ಕ್ಕೆ 42. ಐದು ವರ್ಷದಲ್ಲಿ ಆ ದೇಶದ ಹುಡುಗೀರ ಇಂಟರೆಸ್ಟ್ ಬದಲಾಯ್ತಾ? ಬದಲಾಗಿದ್ದು ವಿಭಾಗ. ಮೊದಲೇ ಪ್ರೋಗ್ರಾಮಿಂಗ್ ಬರ್ಬೇಕು ಅನ್ನೋದನ್ನ ಅಡ್ಮಿಷನ್‌ನಲ್ಲಿ ಕೈಬಿಟ್ರು, ಬರೋರಿಗೊಂದು ಬರದೋರಿಗೊಂದು ಅಂತ ಮೊದಲ ಕೋರ್ಸ್‌ಗೆ ಬೇರೆ ಬೇರೆ ದಾರಿ ಇಟ್ರು. ಅಲ್ಲಿನದೇ ಹಾರ್ವಿ ಮಡ್ ಅನ್ನೋ ಇನ್ನೊಂದು ಕಾಲೇಜಲ್ಲೂ ಹೀಗೇ ಮಾಡಿದ್ರು. ನಿಮ್ಮ ಮೊದಲ ವಾರದ ಲ್ಯಾಬಿಗೆ ಹೋಗಿ ಹಿಂದೆ ನಿಂತು ನೋಡಿ, ಮನೇಲಿ ಮೊದಲೇ ಕಲ್ತು ಬಂದಿರೋ ಮೂರು ಹುಡುಗರು ಟಪಟಪ ಉತ್ತರ ಹೇಳ್ತಿರ್ತಾರೆ, ಮೇಷ್ಟ್ರು ಅವ್ರ ಜೊತೆನೇ ಮಾತಾಡ್ತಿರ್ತಾರೆ, ಉಳಿದೋರು ಇದು ನಮಗಲ್ಲ ಅಂತ ತೀರ್ಮಾನ ಮಾಡ್ತಿರ್ತಾರೆ.

ಪ್ರಶ್ನೆ: ಪೇಪರ್ ತಿದ್ದುವಾಗ ಹೆಸರು ಮುಚ್ಬೇಕು ಅಂತಾರೆ. ನಾನು ಯಾರಿಗೂ ಭೇದ ಮಾಡಲ್ಲ, ನನ್ನನ್ನೇ ಅನುಮಾನ ಪಟ್ಟ ಹಾಗಾಯ್ತಲ್ಲ?

ಉತ್ತರ: ನಿಮ್ಮೊಬ್ರ ಮೇಲೆ ಅನುಮಾನ ಅಲ್ಲ, ಮನುಷ್ಯರ ಮೇಲೆ. 2012ರಲ್ಲಿ ಅಮೆರಿಕದ 127 ವಿಜ್ಞಾನ ಅಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಕೆಲಸದ ಒಂದೇ ಅರ್ಜಿನ ಕೆಲವರಿಗೆ ಜಾನ್ ಅಂತ, ಕೆಲವರಿಗೆ ಜೆನಿಫರ್ ಅಂತ ಹೆಸರು ಹಾಕಿ ಕಳಿಸಿದ್ರು. ಜಾನ್ ಹೆಚ್ಚು ಸಮರ್ಥ ಅಂದ್ರು, ಸಂಬಳನೂ ಅವನಿಗೇ ಜಾಸ್ತಿ ಹೇಳಿದ್ರು, ಹಾಗೆ ಹೇಳೋದ್ರಲ್ಲಿ ಹೆಂಗಸ್ರೂ ಗಂಡಸರಿಗಿಂತ ಹಿಂದೆ ಬೀಳ್ಲಿಲ್ಲ. ಅವ್ರೂ ಯಾರೂ ಭೇದ ಮಾಡ್ಬೇಕು ಅಂತ ಕೂತೋರಲ್ಲ. ಹೆಸರು ಮುಚ್ಚೋಕೆ ಖರ್ಚಿಲ್ಲ, ಮುಚ್ಚಿ. ವೈವಾದಲ್ಲಿ ಮುಚ್ಚೋಕಾಗಲ್ಲ, ಅಲ್ಲಿ ಎಲ್ರಿಗೂ ಒಂದೇ ಪ್ರಶ್ನೆಪಟ್ಟಿ ಇಟ್ಕೊಳ್ಳಿ, ಯಾವುದಕ್ಕೆ ಎಷ್ಟು ಮಾರ್ಕ್ಸ್ ಅಂತ ಮೊದಲೇ ಬರ್ದಿಟ್ಕೊಳ್ಳಿ.

ಪ್ರಶ್ನೆ: ವಿಭಾಗದಲ್ಲಿ ನಾನೊಬ್ಳೇ ಮಹಿಳೆ, ನಮ್ಮ ಸಮುದಾಯದೋಳೂ ನಾನೊಬ್ಳೇ. ಯಾವ ಕಮಿಟಿ ಆದ್ರೂ ಪ್ರಾತಿನಿಧ್ಯ ಬೇಕು ಅಂತ ನನ್ನ ಹೆಸರು. ಅಳ್ಕೊಂಡು ಬರೋ ಹುಡುಗೀರೂ ನನ್ನ ಹತ್ರಾನೇ. ನನ್ನ ರಿಸರ್ಚ್ ನಿಂತೇ ಹೋಗಿದೆ.

ಉತ್ತರ: ಪ್ರಮೋಷನ್ ಇಂಟರ್ವ್ಯೂಲಿ ಎಷ್ಟು ಪೇಪರ್ ಬರ್ದಿದೀರಿ ಅಂತ ಕೇಳ್ತಾರೆ, ಎಷ್ಟು ಜನರ ಕಣ್ಣೀರು ಒರೆಸಿದೀರಿ ಅಂತ ಕೇಳಲ್ಲ. ಹಾಗಾಗಿ ಎಚ್‌ಒಡಿಗೆ ಲಿಖಿತವಾಗಿ ಕೊಡಿ: ಇಂತಿಂಥ ಕಮಿಟಿ, ವಾರಕ್ಕೆ ಇಷ್ಟು ಗಂಟೆ, ಇದನ್ನ ನನ್ನ ವರ್ಕ್‌ಲೋಡಲ್ಲಿ ಲೆಕ್ಕಕ್ಕೆ ಹಿಡೀರಿ ಇಲ್ಲಾ ಒಂದು ಪಾಠ ಕಮ್ಮಿ ಮಾಡಿ. ಒಪ್ಪಲ್ಲ ಅಂದ್ರೆ ನಿಜವಾಗಿ ನಿರ್ಧಾರ ತಗೊಳ್ಳೋ ಎರಡು ಕಮಿಟಿ ಇಟ್ಕೊಂಡು (ನೇಮಕಾತಿದು ಬಿಡ್ಬೇಡಿ) ಉಳಿದಿದ್ದಕ್ಕೆ ಆಗಲ್ಲ ಅನ್ನಿ.

ಪ್ರಶ್ನೆ: ನಾನು ಮಾತಾಡೋ ಶೈಲಿನ ಕ್ಲಾಸಲ್ಲಿ ಎಲ್ರೂ ಅಣಕಿಸ್ತಾರೆ, ಕೇಳಿದ್ರೆ ತಮಾಷೆಗೆ ಅಂತಾರೆ. ಕಂಪ್ಲೇಂಟ್ ಕೊಡೋಣ ಅಂದ್ರೆ ತಗೊಳ್ಳೋರು ನಮ್ಮ ಡಿಪಾರ್ಟ್‌ಮೆಂಟ್ ಸರ್ರೇ, ಅವ್ರೂ ನಗ್ತಾರೆ.

ಉತ್ತರ: ಇಬ್ರೂ ನಕ್ರೆ ತಮಾಷೆ. ದಿನಾಂಕ, ಯಾರು, ಏನಂದ್ರು, ಯಾರಿದ್ರು ಅಂತ ಒಂದು ಕಡೆ ಬರ್ದಿಟ್ಕೊಳ್ತಾ ಬನ್ನಿ, ಆಮೇಲೆ ಇದೇ ನಿಮ್ಮ ಕೈ ಹಿಡಿಯೋದು. ಡಿಪಾರ್ಟ್‌ಮೆಂಟ್ ಬಿಟ್ಟು ಮೇಲಿನ ಕುಂದುಕೊರತೆ ಸಮಿತಿಗೆ ಕೊಡಿ, ಸ್ವೀಕೃತಿ ತಗೊಳ್ಳಿ. ಇನ್ನು ಅದೇ ಕ್ಲಾಸಲ್ಲಿ ಕೂತು ಸುಮ್ಮನಿರೋ ಒಳ್ಳೇ ಮಕ್ಕಳಿಗೆ ಹೇಳೋದೇನಂದ್ರೆ, ಭಾಷಣ ಏನೂ ಬೇಡ, 'ಏ ಸಾಕು ಬಿಡೋ' ಅಂತ ನೀವೊಬ್ರು ಅಂದ್ರೆ ಅರ್ಧ ನಿಲ್ಲತ್ತೆ, ಅದನ್ನ ಅನ್ನಿಸ್ಕೊಂಡೋರೇ ಹೇಳ್ಬೇಕು ಅಂತ ಕಾಯ್ಬೇಡಿ.

ಪ್ರಶ್ನೆ: ನಾನು ಟ್ರಾನ್ಸ್ ವಿದ್ಯಾರ್ಥಿ. ಹಾಜರಿ ಕರೆಯುವಾಗ ದಿನಾ ಹಳೇ ಹೆಸರು ಕೂಗ್ತಾರೆ, ಇಡೀ ಕ್ಲಾಸ್ ತಿರುಗಿ ನೋಡತ್ತೆ. ದಾಖಲೆ ಬದಲಾಗೋಕೆ ಇನ್ನೂ ಟೈಮ್ ಬೇಕು.

ಉತ್ತರ: ಮಾರ್ಕ್ಸ್ ಕಾರ್ಡಿನ ಹೆಸರು ಬೇರೆ, ಕ್ಲಾಸಲ್ಲಿ ಕೂಗೋ ಹೆಸರು ಬೇರೆ. ಕೂಗೋ ಹೆಸರು ಅಂತ ಇನ್ನೊಂದು ಕಾಲಂ ಹಾಕೋ ಯೂನಿವರ್ಸಿಟಿಗಳು ಎಷ್ಟೋ ಇವೆ, ಹಾಜರಿ, ಲೈಬ್ರರಿ ಕಾರ್ಡ್, ಮೇಲ್ ಐಡಿ ಎಲ್ಲಾ ಅದ್ರ ಮೇಲೆ. ನಿಮ್ಮಲ್ಲಿ ಅದು ಬರೋವರೆಗೂ ಸೆಮಿಸ್ಟರ್ ಶುರುವಾಗೋಕೆ ಮುಂಚೆ ಪ್ರತಿ ಮೇಷ್ಟ್ರಿಗೂ ಎರಡೇ ಸಾಲಿನ ಮೇಲ್ ಹಾಕಿ, ಇಲ್ಲಾ ನೀವು ನಂಬೋ ಒಬ್ಬ ಅಧ್ಯಾಪಕರ ಕೈಲೇ ಹಾಕ್ಸಿ. ರೋಲ್ ನಂಬರ್ ಕೂಗಿದ್ರೆ ಇನ್ನೂ ಸುಲಭ.

ಪ್ರಶ್ನೆ: ಕಮಿಟಿಗಳಿಗೆ ನಮ್ಮಂಥ ಸ್ಟೂಡೆಂಟ್ಸ್‌ನ ಕರೀತಾರೆ, ಕೂರಿಸ್ತಾರೆ, ಫೋಟೋ ತೆಗೀತಾರೆ, ತೀರ್ಮಾನ ಮೊದಲೇ ಆಗಿರತ್ತೆ. ಹೋಗ್ಬೇಕಾ ಬಿಡ್ಬೇಕಾ?

ಉತ್ತರ: ಹೋಗಿ, ಆದ್ರೆ ಸುಮ್ಮನೆ ಕೂತು ಬರ್ಬೇಡಿ. ಗ್ಯಾಲಡೆಟ್ ಯೂನಿವರ್ಸಿಟಿ ಅಂತ ವಾಷಿಂಗ್ಟನ್ನಲ್ಲಿದೆ, ಕಿವುಡರಿಗಾಗಿನೇ 1864ರಲ್ಲಿ ಶುರುವಾಗಿದ್ದು. 1988ರವರೆಗೆ ಅದಕ್ಕೆ ಒಬ್ಬ ಕಿವುಡ ಅಧ್ಯಕ್ಷ ಇರ್ಲಿಲ್ಲ ಅಂದ್ರೆ ನಂಬ್ತೀರಾ? ಆ ವರ್ಷ ಮಾರ್ಚಲ್ಲಿ ಮತ್ತೆ ಕಿವಿ ಕೇಳೋರನ್ನೇ ನೇಮಿಸಿದಾಗ ವಿದ್ಯಾರ್ಥಿಗಳು ಗೇಟ್ ಮುಚ್ಚಿ ಒಂದು ವಾರ ಕ್ಯಾಂಪಸ್ ನಿಲ್ಲಿಸಿದ್ರು. ಹೊಸ ಅಧ್ಯಕ್ಷೆ ರಾಜೀನಾಮೆ ಕೊಟ್ರು, ಕಿವುಡರಾದ ಐ. ಕಿಂಗ್ ಜೋರ್ಡಾನ್ ಅಧ್ಯಕ್ಷರಾದ್ರು. ವಿದ್ಯಾರ್ಥಿಗಳು ಅಷ್ಟಕ್ಕೇ ನಿಲ್ಲಿಸ್ಲಿಲ್ಲ, ಆಡಳಿತ ಮಂಡಳಿಲಿ ಅರ್ಧಕ್ಕಿಂತ ಹೆಚ್ಚು ಜನ ಕಿವುಡರೇ ಇರ್ಬೇಕು ಅನ್ನೋದನ್ನೂ ಒಪ್ಪಿಸ್ಕೊಂಡ್ರು.

ನೀವು ನಾಳೆನೇ ಗೇಟ್ ಮುಚ್ಚಿ ಅಂತ ನಾನು ಹೇಳ್ತಿಲ್ಲ, ಎಡಿಟರ್ ನನ್ನನ್ನ ಬಿಡಲ್ಲ. ಮೀಟಿಂಗಿಗೆ ಮುಂಚೆ ಅಜೆಂಡಾ ಕೇಳಿ ತಗೊಳ್ಳಿ, ನಿಮ್ಮ ಕಡೆಯಿಂದ ಒಂದೇ ಒಂದು ವಿಷಯ ಸೇರ್ಸಿ, ಒಂದೇ ಸಾಕು, ಲಿಫ್ಟೋ ಸ್ಕಾಲರ್‌ಶಿಪ್ ತಾರೀಖೋ ಏನಾದ್ರೂ. ಯಾರು ಮಾಡ್ತಾರೆ, ಯಾವ ತಾರೀಖಿನೊಳಗೆ ಅಂತ ಮಿನಿಟ್ಸಲ್ಲಿ ಬರೆಸಿ. ಮುಂದಿನ ಮೀಟಿಂಗಲ್ಲಿ ಮೊದಲ ಮಾತು ಅದೇ ಆಗಿರ್ಲಿ. ನಿಮ್ಮ ವರ್ಷ ಮುಗಿದು ಹೋಗೋವಾಗ ಆ ಫೈಲ್‌ನ ಜೂನಿಯರ್ ಕೈಗೆ ಕೊಟ್ಟು ಹೋಗಿ, ಯಾಕಂದ್ರೆ ಆಫೀಸ್‌ನೋರು ಕಾಯ್ತಿರೋದೇ ನೀವು ಪಾಸಾಗಿ ಹೋಗ್ಲಿ ಅಂತ.